ಪಕ್ಕದ ಕೋಣೆಯ ಕಂಪ್ಯೂಟರ್‌ಗೆ ದಾರಿ: ಮನೆಯೊಳಗೆ ನೆಟ್‌ವರ್ಕ್ ಕಟ್ಟುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಲು ಆಗುವುದಿಲ್ಲ ಎಂದು ಗೊತ್ತಾದ ಮನೆಗಳಿಗೆ ಹೊಸ ಲ್ಯಾಪ್‌ಟಾಪ್ ಬಂತು. ಹಾಗಂತ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಮದುವೆಯ ಫೋಟೋ, ಮಗುವಿನ ನಾಮಕರಣದ ವಿಡಿಯೋ, ಹತ್ತು ವರ್ಷದ ಲೆಕ್ಕಪತ್ರ ಎಲ್ಲ ಇರುವುದು ಅದರಲ್ಲೇ. ಹೀಗೆ ಒಂದೇ ಮನೆಯಲ್ಲಿ ಎರಡು ಕಂಪ್ಯೂಟರ್. ನಡುವೆ ಒಂದು ಗೋಡೆ.

ಗೋಡೆಯ ಈ ಕಡೆಯಿಂದ ಆ ಕಡೆಗೆ ಒಂದು ಫೈಲ್ ಹೋಗಬೇಕಾದರೆ ಏನು ಮಾಡುತ್ತೇವೆ? ವಾಟ್ಸ್ಆ್ಯಪ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳುತ್ತೇವೆ. ಇಲ್ಲವೇ ಇಮೇಲ್ ಮಾಡುತ್ತೇವೆ. ಆ ಫೈಲ್ ಮನೆ ಬಿಟ್ಟು, ಊರು ಬಿಟ್ಟು, ಎಲ್ಲೋ ಇರುವ ಡೇಟಾ ಸೆಂಟರ್ ಮುಟ್ಟಿ, ಮತ್ತೆ ನಮ್ಮ ಮನೆಗೇ ವಾಪಸ್ ಬರುತ್ತದೆ. ಅಡುಗೆಮನೆಯಿಂದ ಹಾಲ್‌ಗೆ ಕಾಫಿ ಲೋಟ ಕೊಡಲು ಕೊರಿಯರ್ ಮಾಡಿದ ಹಾಗಾಯಿತು, ಅಲ್ವಾ?

ಇಂಟರ್ನೆಟ್ ಬೇರೆ, ನೆಟ್‌ವರ್ಕ್ ಬೇರೆ

ಎರಡು ಕಂಪ್ಯೂಟರ್‌ಗಳು ಪರಸ್ಪರ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಹಾಗೆ ಜೋಡಿಸಿದರೆ ಅದೇ ನೆಟ್‌ವರ್ಕ್. ಅಂಥ ಲೆಕ್ಕವಿಲ್ಲದಷ್ಟು ನೆಟ್‌ವರ್ಕ್‌ಗಳನ್ನು ಒಂದಕ್ಕೊಂದು ಪೋಣಿಸಿದ್ದು ಇಂಟರ್ನೆಟ್. ಮನೆಯ ಎರಡು ಕಂಪ್ಯೂಟರ್‌ಗಳ ಮಾತುಕತೆಗೆ ಇಂಟರ್ನೆಟ್ ಬೇಕಾಗಿಲ್ಲ. ಬಿಲ್ ಕಟ್ಟದೆ ಕನೆಕ್ಷನ್ ಕಟ್ ಆಗಿದ್ದರೂ ಪರವಾಗಿಲ್ಲ, ಮನೆಯೊಳಗಿನ ನೆಟ್‌ವರ್ಕ್ ನಡೆಯುತ್ತದೆ.

ಈ ವಿದ್ಯೆ ಹುಟ್ಟಿದ್ದೂ ಹೀಗೇ, ಒಂದು ಕಟ್ಟಡದೊಳಗಿನ ಅಗತ್ಯಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ಆಲ್ಟೋ ಎಂಬ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಮತ್ತು ಹೊಸ ಲೇಸರ್ ಪ್ರಿಂಟರ್‌ಗೆ ಜೋಡಿಸಬೇಕಿತ್ತು. 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಇದಕ್ಕೊಂದು ಉಪಾಯ ಬರೆದರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದರು. ಅದೇ ಈಥರ್ನೆಟ್. ನಿಮ್ಮ ಮನೆಯ ವೈಫೈ ಡಬ್ಬಿ, ಅಂದರೆ ರೂಟರ್‌ನ ಹಿಂದೆ ಚೌಕನೆಯ ತೂತುಗಳಿವೆಯಲ್ಲ, ಅವು ಆ ಈಥರ್ನೆಟ್‌ನ ಇಂದಿನ ರೂಪ.

ಮೊದಲೇ ಒಂದು ಮಾತು. ಫೋಟೋಗಳನ್ನು ಒಂದೇ ಸಲ ಸಾಗಿಸಿ ಮುಗಿಸುವುದಾದರೆ ಇಷ್ಟೆಲ್ಲ ಬೇಡ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ದಿನವೂ ಎರಡೂ ಕಡೆ ಕೆಲಸ ಇದೆ, ಹಳೆಯದರಲ್ಲಿರುವ ಫೈಲ್ ಹೊಸದರಲ್ಲಿ ತೆರೆಯಬೇಕು, ಒಂದೇ ಪ್ರಿಂಟರ್ ಇಬ್ಬರೂ ಬಳಸಬೇಕು ಎಂದಾದರೆ ಮುಂದೆ ಓದಿ.

ವಠಾರದ ಲೆಕ್ಕ

ನೆಟ್‌ವರ್ಕ್ ಎಂದ ಕೂಡಲೇ ಐಪಿ ವಿಳಾಸ, ಸಬ್‌ನೆಟ್, ಗೇಟ್‌ವೇ ಎಂಬ ಪದಗಳು ಮೈಮೇಲೆ ಬೀಳುತ್ತವೆ. ಒಂದು ವಠಾರ ನೆನಪಿಸಿಕೊಂಡರೆ ಎಲ್ಲವೂ ಸಲೀಸು. ಒಂದು ಗೇಟು, ಒಳಗೊಂದು ಅಂಗಳ, ಸುತ್ತ ಸಾಲು ಮನೆಗಳು. ಮನೆಗಳಿಗೆ 1, 2, 3 ಎಂದು ನಂಬರ್.

ನಿಮ್ಮ ಮನೆಯ ನೆಟ್‌ವರ್ಕ್ ಆ ವಠಾರ. ಪ್ರತಿ ಕಂಪ್ಯೂಟರ್ ಒಂದು ಮನೆ. ರೂಟರ್ ಎಂದರೆ ಗೇಟಿನ ಪಕ್ಕದ ಮನೆಯಲ್ಲಿರುವ ಮಾಲೀಕರು.

ಮನೆ ನಂಬರ್‌ಗೆ ಇಲ್ಲಿ ಐಪಿ ವಿಳಾಸ ಎನ್ನುತ್ತಾರೆ. ನೋಡಲು 192.168.1.10 ಎಂಬಂತೆ ಇರುತ್ತದೆ. ನಿಮ್ಮ ಮನೆಯಲ್ಲೂ 192.168.1.10, ನಿಮ್ಮ ಅತ್ತೆ ಮನೆಯಲ್ಲೂ 192.168.1.10 ಇರಬಹುದು. ಗಲಾಟೆ ಏನೂ ಆಗುವುದಿಲ್ಲ. 2ನೇ ನಂಬರ್ ಮನೆ ಎಲ್ಲ ವಠಾರದಲ್ಲೂ ಇರುತ್ತದಲ್ಲ, ಹಾಗೆ. 192.168 ಎಂದು ಶುರುವಾಗುವ ವಿಳಾಸಗಳು, 10 ಎಂದು ಶುರುವಾಗುವವು, ಜೊತೆಗೆ 172.16ರಿಂದ 172.31ರವರೆಗಿನವು ಮನೆ-ಕಚೇರಿಗಳ ಒಳಬಳಕೆಗೆ ಮೀಸಲು. 1996ರಲ್ಲಿ ಈಗಿನ ನಿಯಮ ಬಂತು. ಹೊರಗಿನ ಇಂಟರ್ನೆಟ್‌ಗೆ ಕಾಣುವುದು ಗೇಟಿನ ವಿಳಾಸ ಮಾತ್ರ. ಬಂದ ಪತ್ರ ಯಾವ ಮನೆಯದು ಎಂದು ನೋಡಿ ಒಳಗೆ ಹಂಚುವುದು ರೂಟರ್‌ನ ಕೆಲಸ. ಹೊರಗೆ ಹೋಗುವವರೆಲ್ಲ ಈ ರೂಟರ್ ದಾಟಿಯೇ ಹೋಗಬೇಕು. ಅದಕ್ಕೇ ಅದರ ವಿಳಾಸಕ್ಕೆ ಗೇಟ್‌ವೇ ಎಂಬ ಹೆಸರು.

ಸಬ್‌ನೆಟ್ ಮಾಸ್ಕ್ ಎಂದರೆ ವಠಾರದ ಕಾಂಪೌಂಡ್ ಎಲ್ಲಿಯವರೆಗೆ ಎಂದು ಹೇಳುವ ಗುರುತು. ಮನೆಗಳಲ್ಲಿ ಸಾಮಾನ್ಯವಾಗಿ 255.255.255.0 ಇರುತ್ತದೆ. ವಿಳಾಸದ ಮೊದಲ ಮೂರು ಭಾಗ ಒಂದೇ ಆಗಿದ್ದರೆ ನಾವು ಒಂದೇ ವಠಾರದವರು ಎಂಬುದು ಇದರ ಅರ್ಥ. 192.168.1.10 ಮತ್ತು 192.168.1.20 ಅಂಗಳದಲ್ಲೇ ಮಾತಾಡಿಕೊಳ್ಳುತ್ತವೆ. 192.168.1.10 ಮತ್ತು 192.168.0.20 ಎದುರುಬದುರು ಕೂತಿದ್ದರೂ ಒಂದನ್ನೊಂದು ಪರಕೀಯ ಎಂದೇ ತಿಳಿಯುತ್ತವೆ. ಒಂದಂಕಿ ವ್ಯತ್ಯಾಸಕ್ಕೆ ಅರ್ಧ ದಿನ ತಲೆ ಕೆಡಿಸಿಕೊಂಡವರು ತುಂಬಾ ಜನ.

ನಂಬರ್ ಹಂಚುವವರು ಯಾರು? ವಠಾರದ ಮಾಲೀಕರೇ. ಹೊಸ ಕಂಪ್ಯೂಟರ್ ಬಂದು ‘ನನಗೊಂದು ನಂಬರ್ ಕೊಡಿ’ ಎಂದರೆ ರೂಟರ್ ಖಾಲಿ ಇರುವ ನಂಬರ್ ಕೊಡುತ್ತದೆ. ಈ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಕೊಟ್ಟಿದ್ದು ಖಾಯಂ ಅಲ್ಲ, ಬಾಡಿಗೆ. ಅವಧಿ ಮುಗಿದ ಮೇಲೆ ಬೇರೆ ನಂಬರ್ ಸಿಗಬಹುದು. ಈ ಮಾತು ಕೊನೆಗೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಂಗತಿ. ಪ್ರತಿ ನೆಟ್‌ವರ್ಕ್ ಕಾರ್ಡ್‌ಗೂ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ನ ಒಂದು ಗುರುತು ಇರುತ್ತದೆ. ಅದು ಮ್ಯಾಕ್ ವಿಳಾಸ. ಆ್ಯಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ಒಂದು ಕಂಪ್ಯೂಟರ್ ಇನ್ನೊಂದನ್ನು ಹುಡುಕುವಾಗ ಅಂಗಳದಲ್ಲಿ ನಿಂತು ಕೂಗುತ್ತದೆ: ‘20ನೇ ನಂಬರ್ ಮನೆಯವರು ಯಾರ್ರೀ?’ ಎಲ್ಲರಿಗೂ ಕೇಳುತ್ತದೆ. 20ನೇ ನಂಬರಿನವರು ಮಾತ್ರ ‘ನಾನು’ ಎಂದು ತಮ್ಮ ಮ್ಯಾಕ್ ವಿಳಾಸ ಹೇಳುತ್ತಾರೆ. ಆಮೇಲಿನ ಮಾತೆಲ್ಲ ಅವರಿಬ್ಬರ ನಡುವೆ.

ವೈರೋ, ವೈಫೈಯೋ?

ಸಾಗಿಸುವ ಫೈಲ್ ಚಿಕ್ಕದಾದರೆ ವೈಫೈ ಸಾಕು. ದೊಡ್ಡದಾದರೆ ವೈರ್ ಬೇಕು. ಯಾಕೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ.

ಇಂಟರ್ನೆಟ್ ಕಂಪನಿಗಳು ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತವೆ. ಫೈಲ್‌ಗಳ ಗಾತ್ರ ಮೆಗಾಬೈಟ್‌ನಲ್ಲಿ ಇರುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ‘ಸೆಕೆಂಡಿಗೆ 100 ಮೆಗಾಬಿಟ್’ ಎಂದರೆ 12.5 ಮೆಗಾಬೈಟ್ ಅಷ್ಟೇ. ಕೈಗೆ ಸಿಗುವುದು 11ರ ಆಸುಪಾಸು. ಗಿಗಾಬಿಟ್ ವೈರ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಿಗುತ್ತದೆ.

ಹಳೇ ಡೆಸ್ಕ್‌ಟಾಪ್‌ನಲ್ಲಿ 200 ಗಿಗಾಬೈಟ್ ಇದೆ ಎಂದಿಟ್ಟುಕೊಳ್ಳಿ. ಗಿಗಾಬಿಟ್ ವೈರ್ ಆದರೆ ಅರ್ಧ ಗಂಟೆ. 100 ಮೆಗಾಬಿಟ್ ವೈರ್ ಆದರೆ ಐದು ಗಂಟೆ. ಸೆಕೆಂಡಿಗೆ 4 ಮೆಗಾಬೈಟ್ ಕೊಡುವ ಸಾಧಾರಣ ವೈಫೈ ಆದರೆ ಹದಿನಾಲ್ಕು ಗಂಟೆ. ಇವು ಕಾಗದದ ಮೇಲಿನ ಲೆಕ್ಕ. ಹಳೇ ಹಾರ್ಡ್ ಡಿಸ್ಕ್ ಅಷ್ಟು ಚುರುಕಾಗಿ ಓದದಿರಬಹುದು. ಸಾವಿರಾರು ಚಿಕ್ಕ ಫೋಟೋಗಳಿದ್ದರೆ ಒಂದು ದೊಡ್ಡ ವಿಡಿಯೋಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಎರಡೂ ಕಂಪ್ಯೂಟರ್ ವೈಫೈನಲ್ಲೇ ಇದ್ದರೆ ಇನ್ನೊಂದು ತೊಡಕು. ಫೈಲ್ ಮೊದಲು ಗಾಳಿಯಲ್ಲಿ ರೂಟರ್‌ಗೆ ಹೋಗಬೇಕು, ಮತ್ತೆ ಗಾಳಿಯಲ್ಲೇ ಇನ್ನೊಂದಕ್ಕೆ ಬರಬೇಕು. ಒಂದೇ ಗಾಳಿಯ ದಾರಿಯನ್ನು ಎರಡು ಸಲ ಬಳಸಿದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದನ್ನಾದರೂ ವೈರ್‌ನಲ್ಲಿ ರೂಟರ್‌ಗೆ ಚುಚ್ಚಿದರೆ ಎಷ್ಟೋ ವಾಸಿ. 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ವೈಫೈ ಆರಿಸಿಕೊಂಡರೆ ವೇಗ ಹೆಚ್ಚು. ಆದರೆ ಅದು ಗೋಡೆ ದಾಟುವಾಗ ಬೇಗ ಸುಸ್ತಾಗುತ್ತದೆ.

ವೈರ್ ಕೊಳ್ಳುವಾಗ ಅಂಗಡಿಯಲ್ಲಿ ‘ಲ್ಯಾನ್ ಕೇಬಲ್’ ಎಂದು ಕೇಳಿ. ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿರುತ್ತದೆ. ಮನೆಗೆ ಎರಡರಲ್ಲಿ ಯಾವುದಾದರೂ ಸರಿ. ಎರಡೂ ಕಡೆಯ ಕೊನೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಆರ್‌ಜೆ45 ಮೂತಿ ಇರುತ್ತದೆ. ಒಳಗೆ ಎಂಟು ತಂತಿ, ಎರಡೆರಡಾಗಿ ಹೆಣೆದ ನಾಲ್ಕು ಜೋಡಿ. ಸುಮ್ನೆ ಹೆಣೆದಿದ್ದಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ಎರಡೂ ತಂತಿಗೆ ಒಂದೇ ಥರ ತಗಲಲಿ, ಆಗ ಅದನ್ನು ಕಳೆದುಹಾಕುವುದು ಸುಲಭ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಕೇಬಲ್ ಉದ್ದ 100 ಮೀಟರ್ ದಾಟಬಾರದು. ಮಲೆನಾಡು, ಕರಾವಳಿ ಕಡೆ ಮನೆಯಿಂದ ತೋಟದ ಶೆಡ್ಡಿಗೆ ಬಯಲಲ್ಲಿ ತಾಮ್ರದ ಕೇಬಲ್ ಎಳೆಯುವುದು ಬೇಡ. ಒಂದು ಸಿಡಿಲಿಗೆ ಎರಡೂ ಕಡೆಯ ಪೋರ್ಟ್ (ಕೇಬಲ್ ಚುಚ್ಚುವ ತೂತು) ಸುಟ್ಟು ಹೋಗಬಹುದು. ಅಲ್ಲಿಗೆ ವಿದ್ಯುತ್ ಹರಿಯದ ಫೈಬರ್ ಕೇಬಲ್ ಸರಿ.

ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಇದನ್ನು ನನಗೆ ಕಲಿಸಿದ್ದು ಒಂದು ಇಲಿ. ನಮ್ಮ ಮನೆಯಲ್ಲಿ ಕೇಬಲ್ ಅಟ್ಟದ ಮೇಲೆ ಹಾದುಹೋಗುತ್ತದೆ. ಚೆನ್ನಾಗಿ ಓಡುತ್ತಿದ್ದ ಲೈನು ಒಂದು ದಿನ ದಿಢೀರನೆ ಹತ್ತರಲ್ಲೊಂದು ವೇಗಕ್ಕೆ ಇಳಿಯಿತು. ನಿಂತು ಹೋಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಇದು ನಿಲ್ಲಲಿಲ್ಲ, ಬರೀ ನಿಧಾನವಾಯಿತು. ರೂಟರ್ ಬದಲಿಸುವ ಮಾತೂ ಬಂದಿತ್ತು. ಕೊನೆಗೆ ಅಟ್ಟ ಹತ್ತಿ ನೋಡಿದರೆ ಇಲಿ ಕಂದು ಬಣ್ಣದ ಜೋಡಿಯನ್ನು ಮಾತ್ರ ಕಡಿದಿತ್ತು. ಉಳಿದ ತಂತಿಗಳ ಮೇಲೆ ಕಂಪ್ಯೂಟರ್ 100ಕ್ಕೆ ಇಳಿದು ಸಂಸಾರ ನಡೆಸುತ್ತಿತ್ತು. ಹಾಗಾಗಿ ನಿಧಾನ ಎನಿಸಿದರೆ ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ‘ಲಿಂಕ್ ಸ್ಪೀಡ್’ ನೋಡಿ. 1000 ಇರಬೇಕಾದಲ್ಲಿ 100 ಇದ್ದರೆ ಕೇಬಲ್ ಅಥವಾ ಪೋರ್ಟ್ ಕಡೆ ಕಣ್ಣು ಹಾಯಿಸಿ. ಕೆಲವು ರೂಟರ್‌ಗಳಲ್ಲಿ ಪೋರ್ಟ್‌ಗಳೇ 100ರವು ಇರುತ್ತವೆ.

ರೂಟರ್ ಇದ್ದರೆ, ಇಲ್ಲದಿದ್ದರೆ

ರೂಟರ್ ಇದ್ದರೆ ಅರ್ಧ ಕೆಲಸ ಆಗಲೇ ಮುಗಿದಿದೆ. ಎರಡನ್ನೂ ಒಂದೇ ರೂಟರ್‌ಗೆ ಜೋಡಿಸಿ. ಒಂದು ವೈರ್‌ನಲ್ಲಿ, ಇನ್ನೊಂದು ವೈಫೈನಲ್ಲಿ ಇದ್ದರೂ ನಡೆಯುತ್ತದೆ. ‘ಗೆಸ್ಟ್’ ವೈಫೈಗೆ ಮಾತ್ರ ಜೋಡಿಸಬೇಡಿ. ಬಂದ ನೆಂಟರು ಮನೆಯವರ ಕಂಪ್ಯೂಟರ್ ಇಣುಕಬಾರದು ಎಂದೇ ಅದನ್ನು ಮಾಡಿರುವುದು. ಅದರಲ್ಲಿರುವವರಿಗೆ ಉಳಿದವರು ಸಾಮಾನ್ಯವಾಗಿ ಕಾಣುವುದಿಲ್ಲ.

ರೂಟರ್ ಇಲ್ಲವೇ? ಒಂದು ಲ್ಯಾನ್ ಕೇಬಲ್‌ನ ಎರಡು ತುದಿಯನ್ನು ಎರಡು ಕಂಪ್ಯೂಟರ್‌ಗೆ ಚುಚ್ಚಿದರೂ ಆಯಿತು. ಹಿಂದೆ ಇದಕ್ಕೆ ‘ಕ್ರಾಸ್ಓವರ್’ ಎಂಬ ಬೇರೆಯದೇ ಕೇಬಲ್ ಬೇಕಿತ್ತು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಬರುವ ಹಾಗೆ ಅದರಲ್ಲಿ ತಂತಿ ಅದಲುಬದಲು ಮಾಡಿರುತ್ತಿದ್ದರು. ಗಿಗಾಬಿಟ್ ಪೋರ್ಟ್‌ಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಹಾಗಾಗಿ ಈಗ ಮಾಮೂಲಿ ಕೇಬಲ್ ಸಾಕು. ಎರಡೂ ಕಡೆ ಒಂದೇ ಮೂತಿಯ ಯುಎಸ್‌ಬಿ ಕೇಬಲ್ ತಂದು ಚುಚ್ಚುವ ಸಾಹಸ ಮಾತ್ರ ಬೇಡ. ಅದರಿಂದ ನೆಟ್‌ವರ್ಕ್ ಆಗುವುದಿಲ್ಲ, ಪೋರ್ಟ್ ಹಾಳಾದರೂ ಆದೀತು.

ಇಲ್ಲಿ ನಂಬರ್ ಹಂಚುವ ಮಾಲೀಕರಿಲ್ಲ. ಕಂಪ್ಯೂಟರ್‌ಗಳು ಸ್ವಲ್ಪ ಹೊತ್ತು ಕಾದು, 169.254 ಎಂದು ಶುರುವಾಗುವ ಒಂದೊಂದು ನಂಬರನ್ನು ತಾವೇ ಇಟ್ಟುಕೊಳ್ಳುತ್ತವೆ. ಅದರಲ್ಲೂ ಕೆಲಸ ನಡೆಯುತ್ತದೆ. ಆದರೆ ನಾವೇ ಕೊಟ್ಟರೆ ನೆನಪಿಡುವುದು ಸುಲಭ. ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸವನ್ನು ‘ಮ್ಯಾನ್ಯುಯಲ್’ ಮಾಡಿ, ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಕೊಡಿ. ಮಾಸ್ಕ್ 255.255.255.0. ಗೇಟ್‌ವೇ ಖಾಲಿ ಬಿಡಿ, ಹೊರಗೆ ಹೋಗುವ ಗೇಟೇ ಇಲ್ಲವಲ್ಲ. 50 ಯಾಕೆ? ಮುಂದೆ ಯಾವತ್ತಾದರೂ ವೈಫೈ ಬಂದರೆ ಅದು 192.168.1 ಅಥವಾ 192.168.0 ಬಳಸುವ ಸಾಧ್ಯತೆ ಜಾಸ್ತಿ. ಅದಕ್ಕೆ ಡಿಕ್ಕಿ ಹೊಡೆಯದಿರಲಿ ಎಂದು.

ರೂಟರ್ ಕೊಟ್ಟ ನಂಬರ್ ಎಷ್ಟು ಎಂದು ತಿಳಿಯಬೇಕಾದರೆ ವೈಫೈ ಅಥವಾ ಈಥರ್ನೆಟ್‌ನ ‘ಪ್ರಾಪರ್ಟೀಸ್’ ತೆರೆದು ಕೆಳಗೆ ಇಳಿಯಿರಿ. ‘ಐಪಿವಿ4 ಅಡ್ರೆಸ್’ ಎಂದಿರುತ್ತದೆ. ರೂಟರ್ ಇದ್ದೂ ಅಲ್ಲಿ 169.254 ಕಂಡರೆ ಕಂಪ್ಯೂಟರ್‌ಗೆ ಮಾಲೀಕರು ಸಿಕ್ಕಿಲ್ಲ ಎಂದರ್ಥ. ವೈರ್ ಸಡಿಲವೋ ನೋಡಿ.

ಬಾಗಿಲು ತೆರೆಯುವುದು

ಇಲ್ಲಿಗೆ ದಾರಿ ಆಯಿತು, ವಿಳಾಸ ಆಯಿತು. ಆದರೂ ಆ ಕಡೆಯ ಫೈಲ್ ಕಾಣುವುದಿಲ್ಲ. ಜನ ಸೋತು ಕೈಬಿಡುವುದು ಇಲ್ಲೇ, ಬೈಯುವುದು ಮಾತ್ರ ವೈರ್‌ಗೆ. ನಿಜದಲ್ಲಿ ಬಾಗಿಲು ಹಾಕಿದೆ ಅಷ್ಟೇ. ಹಾಕಿರಬೇಕಾದದ್ದೂ ಸರಿಯೇ.

ಯಾವುದೇ ಹೊಸ ನೆಟ್‌ವರ್ಕ್‌ಗೆ ಸೇರಿದಾಗ ವಿಂಡೋಸ್ ಅದನ್ನು ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತಿಸಿಕೊಳ್ಳುತ್ತದೆ. ಪಬ್ಲಿಕ್ ಎಂದರೆ ಬಸ್‌ಸ್ಟ್ಯಾಂಡ್. ಅಲ್ಲಿ ಯಾರ ಜೊತೆಯೂ ಮಾತಿಲ್ಲ. ಪ್ರೈವೇಟ್ ಎಂದರೆ ಮನೆ. ಎರಡೂ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ಗೆ ಹೋಗಿ ನಿಮ್ಮ ಕನೆಕ್ಷನ್ ಅನ್ನು ಪ್ರೈವೇಟ್ ಮಾಡಿ. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ನೇರ ವೈರ್ ಹಾಕಿದಾಗ ವಿಂಡೋಸ್ ಅದನ್ನು ‘ಗೊತ್ತಿಲ್ಲದ ನೆಟ್‌ವರ್ಕ್’ ಎಂದು ಪಬ್ಲಿಕ್ ಕಡೆಗೇ ತಳ್ಳುತ್ತದೆ. ಅಲ್ಲಿ ಮರೆಯದೆ ನೋಡಿ. ಆಮೇಲೆ ‘ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್’ನಲ್ಲಿ ಪ್ರೈವೇಟ್ ಭಾಗದ ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಆನ್ ಮಾಡಿ.

ಈಗ ಪಿಂಗ್ ಮಾಡಿ ನೋಡಬಹುದು. ಪಿಂಗ್ ಎಂದರೆ ‘ಇದ್ದೀರಾ?’ ಎಂದು ಬಾಗಿಲು ತಟ್ಟುವುದು. ಕಮಾಂಡ್ ಪ್ರಾಂಪ್ಟ್ ಎಂಬ ಆದೇಶ ಬರೆಯುವ ಕಿಟಕಿಯಲ್ಲಿ ಇಂಗ್ಲಿಷ್‌ನಲ್ಲಿ ping ಎಂದು ಬರೆದು, ಜಾಗ ಬಿಟ್ಟು, ಆ ಕಡೆಯ ವಿಳಾಸ ಕೊಡಿ. ಶೇರಿಂಗ್ ಆನ್ ಮಾಡುವ ಮೊದಲೇ ಪಿಂಗ್ ಮಾಡಿದರೆ ವಿಂಡೋಸ್‌ನ ಕಾವಲುಗಾರ ಫೈರ್‌ವಾಲ್ ಸುಮ್ಮನಿದ್ದುಬಿಡುತ್ತದೆ. ಮನೆಯಲ್ಲಿದ್ದೂ ಕದ ತೆಗೆಯದವರ ಹಾಗೆ. ಹಾಗಾಗಿ ಉತ್ತರ ಬರಲಿಲ್ಲ ಎಂದು ವೈರ್ ಕಿತ್ತುಹಾಕಬೇಡಿ.

ಮುಂದಿನದು ಫೋಲ್ಡರ್. ಹಳೇ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಹಂಚಿಕೊಳ್ಳಬೇಕಾದದ್ದನ್ನು ಅದಕ್ಕೆ ಹಾಕಿ. ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಶೇರ್ ಮಾಡುವುದು ಬೇಡ. ಹಾಗೆ ಮಾಡಿದರೆ ವಿಂಡೋಸ್ ಮೇಲಿನ ‘ಯೂಸರ್ಸ್’ ಫೋಲ್ಡರ್‌ಗೇ ದಾರಿ ತೆರೆಯುವುದುಂಟು. ಹೊಸ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಶೇರಿಂಗ್, ಶೇರ್ ಒತ್ತಿ. ಯಾರಿಗೆ ಎಂದು ಕೇಳುತ್ತದೆ. ಬಳಕೆದಾರರನ್ನು ಆರಿಸಿ, ಬರೀ ಓದಲು ಬಿಡಬೇಕೋ, ಬದಲಿಸಲೂ ಬಿಡಬೇಕೋ ಹೇಳಿ.

ಅಲ್ಲೇ ‘ಅಡ್ವಾನ್ಸ್ಡ್ ಶೇರಿಂಗ್’ ಎಂಬ ಇನ್ನೊಂದು ಗುಂಡಿಯೂ ಇದೆ. ಗೊಂದಲ ಹುಟ್ಟುವುದು ಅದರಿಂದ. ವಿಂಡೋಸ್‌ನಲ್ಲಿ ಅನುಮತಿ ಎರಡು ಹಂತದ್ದು. ಮನೆಯ ಬಾಗಿಲು ತೆರೆದಿದ್ದರೂ ಬೀರುವಿಗೆ ಬೇರೆ ಬೀಗ. ಶೇರ್ ಅನುಮತಿ ಬಾಗಿಲು, ಫೋಲ್ಡರ್‌ನ ಸ್ವಂತ ಅನುಮತಿ ಬೀರು. ಎರಡೂ ಒಪ್ಪಿದರೆ ಮಾತ್ರ ಫೈಲ್ ಸಿಗುತ್ತದೆ. ಮೊದಲ ‘ಶೇರ್’ ಗುಂಡಿ ಎರಡನ್ನೂ ಒಟ್ಟಿಗೆ ತೆರೆಯುತ್ತದೆ. ‘ಅಡ್ವಾನ್ಸ್ಡ್’ ತೆರೆಯುವುದು ಬಾಗಿಲನ್ನು ಮಾತ್ರ.

ಇನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ಎಡಗಡೆ ‘ನೆಟ್‌ವರ್ಕ್’ ಎಂಬಲ್ಲಿ ಹಳೇ ಕಂಪ್ಯೂಟರ್ ಕಾಣಬೇಕು. ಎಷ್ಟೋ ಸಲ ಕಾಣುವುದಿಲ್ಲ. ಕಾಯುತ್ತಾ ಕೂರುವ ಬದಲು ಮೇಲಿನ ವಿಳಾಸದ ಪಟ್ಟಿಯಲ್ಲಿ ನೇರವಾಗಿ \\192.168.1.10 ಎಂದು ಹೊಡೆಯಿರಿ. ಮುಂದೆ ಎರಡು ಹಿಂದೋರೆ ಗೆರೆ, ಆಮೇಲೆ ಹಳೆಯದರ ವಿಳಾಸ. ಆಗ ಹೆಸರು, ಪಾಸ್‌ವರ್ಡ್ ಕೇಳುವ ಕಿಟಕಿ ಬರುತ್ತದೆ.

ಅಲ್ಲಿ ಕೊಡಬೇಕಾದದ್ದು ಹಳೇ ಕಂಪ್ಯೂಟರ್‌ನ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್, ಕೈಯಲ್ಲಿರುವ ಲ್ಯಾಪ್‌ಟಾಪ್‌ನದ್ದಲ್ಲ. ದಿನಾ ಹೊಡೆಯುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ. ಹಳೆಯದಕ್ಕೆ ಪಾಸ್‌ವರ್ಡೇ ಇಟ್ಟಿಲ್ಲವೇ? ಹಾಗಿದ್ದರೂ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಗೆ ನೆಟ್‌ವರ್ಕ್ ಮೂಲಕ ಪ್ರವೇಶವಿಲ್ಲ ಎಂಬುದು ವಿಂಡೋಸ್‌ನಲ್ಲಿ ಮೊದಲಿಂದಲೇ ಹಾಕಿಟ್ಟ ನಿಯಮ. ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ಹಳೆಯದರಲ್ಲಿ ಈ ಕೆಲಸಕ್ಕೆಂದೇ ಒಂದು ಲೋಕಲ್ ಖಾತೆ (ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ ಖಾತೆ) ತೆರೆದು, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಇಟ್ಟು, ಫೋಲ್ಡರನ್ನು ಆ ಖಾತೆಗೆ ಶೇರ್ ಮಾಡುವುದು.

ಪಾಸ್‌ವರ್ಡ್ ತೆಗೆದುಹಾಕಿ ಎನ್ನುವವರ ಮಾತು ಕೇಳಬೇಡಿ

ಸುತ್ತುಬಳಸಿನ ಈ ಕೆಲಸಕ್ಕೆ ಶಾರ್ಟ್‌ಕಟ್ ಹೇಳುವವರು ಸಿಗುತ್ತಾರೆ. ಪಾಸ್‌ವರ್ಡ್ ರಕ್ಷಣೆ ಆಫ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ ಎನ್ನುತ್ತಾರೆ. ಎಸ್‌ಎಂಬಿ ಎಂದರೆ ಫೈಲ್ ಹಂಚಿಕೊಳ್ಳಲು ವಿಂಡೋಸ್ ಕಂಪ್ಯೂಟರ್‌ಗಳು ಆಡುವ ಭಾಷೆ. 1 ಎಂಬುದು ಅದರ ತೀರಾ ಹಳೇ ರೂಪ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದಕ್ಕೆ ಸಿಕ್ಕಿಬಿದ್ದವು. ಅದು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹಬ್ಬಿದ್ದು ಈ ಎಸ್‌ಎಂಬಿ 1ರ ಒಂದು ದೋಷ ಬಳಸಿಕೊಂಡು. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಹೊಸ ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. ಬೆಂಬಲ ನಿಂತುಹೋದ ಹಳೇ ಯಂತ್ರದಲ್ಲಿ ಮತ್ತೆ ಅದನ್ನು ಎಬ್ಬಿಸುವುದು ಜಾಣತನವಲ್ಲ. ಆ ಹಳೆಯದಕ್ಕೆ ಭದ್ರತಾ ಅಪ್‌ಡೇಟ್ ಬರುತ್ತಿಲ್ಲ ಎಂದಾದರೆ ಅದನ್ನು ಫೈಲ್ ಇಡುವುದಕ್ಕೆ ಮಾತ್ರ ಬಳಸಿ. ಅದರಲ್ಲಿ ಬ್ಯಾಂಕ್ ಕೆಲಸ, ಬ್ರೌಸಿಂಗ್ ಬೇಡ.

ಕೆಲವು ಬಿಡಿ ಮಾತು

ಒಂದು ಮ್ಯಾಕ್, ಒಂದು ವಿಂಡೋಸ್ ಆದರೂ ತೊಂದರೆಯಿಲ್ಲ. ಮ್ಯಾಕ್‌ಗೆ ಎಸ್‌ಎಂಬಿ ಗೊತ್ತು. ಲಿನಕ್ಸ್‌ಗೆ ಸಾಂಬಾ ಎಂಬ ತಂತ್ರಾಂಶ ಅದನ್ನು ಕಲಿಸುತ್ತದೆ. ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ ಶುರು ಮಾಡಿದ್ದು ಅದು. ಎಸ್, ಎಂ, ಬಿ ಮೂರೂ ಅಕ್ಷರ ಇದೇ ಕ್ರಮದಲ್ಲಿ ಬರುವ ಪದ ಹುಡುಕಿ ಈ ಹೆಸರಿಟ್ಟರು. ನಮ್ಮ ಸಾಂಬಾರಿಗೂ ಅದಕ್ಕೂ ನಂಟಿಲ್ಲ.

ಇವತ್ತು ನಡೆದದ್ದು ಮುಂದಿನ ವಾರ ನಡೆಯದಿದ್ದರೆ ಐಪಿ ವಿಳಾಸ ಬದಲಾಗಿದೆಯೇ ನೋಡಿ. ಮೇಲೆ ಹೇಳಿದ ಬಾಡಿಗೆ ನಂಬರಿನ ಮಹಿಮೆ ಇದು. ರೂಟರ್‌ನ ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಇದ್ದರೆ ಹಳೇ ಕಂಪ್ಯೂಟರ್‌ಗೆ ಒಂದೇ ನಂಬರ್ ಖಾಯಂ ಮಾಡಬಹುದು. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಬಳಸಿ ಆ ಫೋಲ್ಡರಿಗೆ ಜಡ್ ಡ್ರೈವ್ ಎಂದೋ ಏನೋ ಹೆಸರು ಕೊಟ್ಟರೆ, ಅದು ಲ್ಯಾಪ್‌ಟಾಪ್‌ನದೇ ಇನ್ನೊಂದು ಡಿಸ್ಕ್ ಇದ್ದಂತೆ ಕಾಣುತ್ತದೆ.

ಎಲ್ಲ ಸರಿಯಿದ್ದು, ಬೆಳಗ್ಗೆ ತೆರೆದ ಫೋಲ್ಡರ್ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮಾಯವಾಗಿದ್ದರೆ ರೂಟರ್‌ಗೆ ಕೈ ಹಚ್ಚಬೇಡಿ. ಹಳೇ ಕಂಪ್ಯೂಟರ್ ನಿದ್ದೆಗೆ ಜಾರಿರುತ್ತದೆ. ಆ ಕೋಣೆಗೆ ಹೋಗಿ ಮೌಸ್ ಅಲ್ಲಾಡಿಸಿ, ಪವರ್ ಸೆಟ್ಟಿಂಗ್‌ನಲ್ಲಿ ‘ಸ್ಲೀಪ್’ ಎಂಬುದನ್ನು ‘ನೆವರ್’ ಮಾಡಿ ಬನ್ನಿ.